ಗರಿಯಲ್ಲಿ ನೀರು ಹೊರುವ ಹಕ್ಕಿ

ಕಿತ್ತೂರು ಹತ್ತಿರದ ದೇಗಾಂವದಲ್ಲಿ ಕದಂಬರ ಕಾಲದ ಕಮಲನಾರಾಯಣ ಗುಡಿಯ ಕೆತ್ತನೆಗೆ ಬೆರಗಾದವರು, ಒಮ್ಮೆ ದುರ್ಬೀನು ಹಿಡಿದು ಪೂರ್ವಕ್ಕೆ, ಸವದತ್ತಿ–ರಾಮದುರ್ಗದ ಕಡೆಗೂ ಹೋಗಬೇಕು. ಮಲೆನಾಡಿನ ಸೆರಗು ಹಿಂದೆ ಉಳಿದು ಕಲ್ಲು, ಜಾಲಿ, ಒಣಹುಲ್ಲಿನ ಬಯಲು ಶುರುವಾಗುತ್ತದೆ. ನಡುವೆ ಮಲಪ್ರಭೆ. ಇಂಥ ಒಣನೆಲವನ್ನೂ ನೀರಿನ ದಂಡೆಯನ್ನೂ ದಿನವೂ ಜೋಡಿಸುವ ಹಕ್ಕಿ ಸ್ಯಾಂಡ್‌ಗ್ರೌಸ್.

ಪಾರಿವಾಳದಷ್ಟು ಗಾತ್ರ, ಮಣ್ಣಿನದೇ ಬಣ್ಣ, ಕಂದು ಹೊಟ್ಟೆ, ಚೂಪು ಬಾಲ. ತಿನ್ನುವುದು ಒಣ ಕಾಳು, ಹಾಗಾಗಿ ನೀರು ಬೇಕೇ ಬೇಕು. ಬಿಸಿಲೇರುವ ಹೊತ್ತಿಗೆ ಹಿಂಡು ನೀರಿಗಿಳಿಯುತ್ತದೆ. ಮರಿಗಳಿರುವ ಗಂಡು ಕುಡಿದ ತಕ್ಷಣ ಹಾರುವುದಿಲ್ಲ. ಹೊಟ್ಟೆಯನ್ನು ನೀರಿಗೆ ಅದ್ದಿ, ಮೈ ಅಲುಗಿಸಿ ಗರಿ ನೆನೆಸಿಕೊಳ್ಳುತ್ತದೆ. ಒಣಗಿದಾಗ ಸುರುಳಿಯಾಗಿರುವ ಗರಿಯ ಸೂಕ್ಷ್ಮ ಎಳೆಗಳು ನೆಂದೊಡನೆ ಬಿಚ್ಚಿಕೊಂಡು ನೀರನ್ನು ಹಿಡಿದಿಡುತ್ತವೆ. ಮರಳಿ ಬಂದು ನಿಂತ ಅಪ್ಪನ ಹೊಟ್ಟೆಯಡಿ ನುಗ್ಗುವ ಮರಿಗಳು ಆ ಗರಿಗಳನ್ನು ಕೊಕ್ಕಿನಲ್ಲಿ ಹಿಂಡಿ ಕುಡಿಯುತ್ತವೆ. 1896ರಲ್ಲಿ ಪಕ್ಷಿತಜ್ಞ ಮೀಡ್-ವಾಲ್ಡೊ ಇದನ್ನು ಬರೆದಾಗ ಹಲವರು ನಂಬಲಿಲ್ಲ. 1967ರಲ್ಲಿ ವಿಜ್ಞಾನಿಗಳಾದ ಕೇಡ್ ಮತ್ತು ಮೆಕ್ಲೀನ್ ಆಫ್ರಿಕಾದ ಕಲಹರಿಯ ಹಕ್ಕಿಗಳಲ್ಲಿ ಖಚಿತಪಡಿಸಿದರು. ಅಲ್ಲಿನ ಗಂಡಿನ ಗರಿ ಹೀರುವ ನೀರು ಸುಮಾರು 25 ಮಿಲಿಲೀಟರ್. ದೇಗಾಂವದ ಶಿಲ್ಪಕ್ಕಿಂತ ಈ ಕಸುಬು ಒಂದು ಗುಲಗಂಜಿಯಷ್ಟೂ ಕಡಿಮೆಯದಲ್ಲ.

ನೋಡಲು ಹೋದರೆ ನೀರಂಚಿನಿಂದ ದೂರ ಕೂತಿರಿ. ಬೆದರಿದರೆ ಬಾಯಾರಿಯೇ ತಿರುಗಿಬಿಡುತ್ತವೆ. ಇನ್ನೊಂದು ಮಾತು: ಬರಿನೆಲದ ಮೇಲೆಯೇ ಮೊಟ್ಟೆಯಿಡುವ ಈ ಹಕ್ಕಿಗೆ ಬಯಲೇ ಮನೆ. ಅದನ್ನು ಬಂಜರೆಂದು ಗುಂಡಿ ತೋಡಿ ಸಸಿ ನೆಡುವ ಮುನ್ನ ದಯವಿಟ್ಟು ಒಮ್ಮೆ ಯೋಚಿಸಿ.