ಎರಡು ಚಿತ್ರಪಟಗಳಲ್ಲಿ ಸ್ನೇಹವೂ ಭಕ್ತಿಯೂ

ಒಬ್ಬನ ಮನಸ್ಸು ದೇವರ ಕಡೆಗೆ ತಿರುಗಿದಾಗ ಅವನ ಹಳೆಯ ಗೆಳೆಯನ ಗತಿಯೇನು? ಕ್ರೈಸ್ತಧರ್ಮವನ್ನು ವಸ್ತುವಾಗುಳ್ಳ ಜನಪ್ರಿಯ ಚಿತ್ರಪಟಗಳನ್ನು ಈ ಪ್ರಶ್ನೆಯ ಒರೆಗಲ್ಲಿಗೆ ಹಚ್ಚಿದರೆ ಚಿನ್ನ ಯಾವುದು, ಹಿತ್ತಾಳೆ ಯಾವುದು ಎಂಬುದು ತಿಳಿಯುವುದು.

ವಿಲಿಯಂ ವೈಲರನು ನಿರ್ದೇಶಿಸಿದ ‘ಬೆನ್ ಹರ್’ (೧೯೫೯) ೧೧ ಆಸ್ಕರ್ ಪ್ರಶಸ್ತಿಗಳನ್ನು ಪಡೆದ ಚಿತ್ರ. ಲ್ಯೂ ವ್ಯಾಲೆಸನು ೧೮೮೦ರಲ್ಲಿ ಪ್ರಕಟಿಸಿದ ಕಾದಂಬರಿಯೇ ಇದಕ್ಕೆ ಮೂಲ. ಯೆಹೂದ್ಯನಾದ ಬೆನ್ ಹರನೂ ರೋಮನ್ ಅಧಿಕಾರಿಯಾದ ಮೆಸ್ಸಾಲನೂ ಬಾಲ್ಯಮಿತ್ರರು. ನಮ್ಮ ಭಾರತದ ದ್ರೋಣದ್ರುಪದರಲ್ಲಿ ಆದಂತೆ ಇಲ್ಲಿಯೂ ಸ್ನೇಹವನ್ನು ಮುರಿಯುವುದು ಅಧಿಕಾರಮದವೇ ಹೊರತು ಭಕ್ತಿಯಲ್ಲ. ತನ್ನ ಜನರ ಗುಟ್ಟನ್ನು ಬಿಟ್ಟುಕೊಡಲೊಲ್ಲದ ಗೆಳೆಯನನ್ನು ಮೆಸ್ಸಾಲನು ಹಡಗಿನಲ್ಲಿ ಹುಟ್ಟುಹಾಕುವ ದಾಸ್ಯಕ್ಕೆ ತಳ್ಳುತ್ತಾನೆ. ವರ್ಷಗಳ ತರುವಾಯ ರಥಸ್ಪರ್ಧೆಯಲ್ಲಿ ಜಜ್ಜಿಹೋಗಿ ಸಾಯುತ್ತಾನೆ. ಕ್ರಿಸ್ತನ ಶಿಲುಬೆಯ ಬಳಿ ಬೆನ್ ಹರನ ಹಗೆ ಕರಗುವುದು ಅದಾದ ಮೇಲೆ. ಅವನ ತಾಯಿಯ ಮತ್ತು ತಂಗಿಯ ಕುಷ್ಠವು ಪವಾಡದಿಂದ ಗುಣವಾಗುತ್ತದೆ. ಕ್ಷಮೆಯನ್ನು ಪಡೆಯಬೇಕಾದವನು ಮಾತ್ರ ಆಗಲೇ ಮಣ್ಣುಗೂಡಿದ್ದಾನೆ. ರಥಸ್ಪರ್ಧೆಯ ದೃಶ್ಯವು ಅದ್ಭುತವೆಂಬುದು ನಿರ್ವಿವಾದ. ಆದರೆ ಸತ್ತ ವೈರಿಯನ್ನು ಕ್ಷಮಿಸುವುದು ಅಷ್ಟೇನೂ ಕಷ್ಟವಲ್ಲ. ೨೦೧೬ರ ಹೊಸ ‘ಬೆನ್ ಹರ್’ ಮೆಸ್ಸಾಲನನ್ನು ಉಳಿಸಿ ಇಬ್ಬರನ್ನೂ ಒಂದುಗೂಡಿಸುತ್ತದೆ; ಆದರೆ ಅಷ್ಟು ದೊಡ್ಡ ಗಾಯವು ಅಷ್ಟು ಬೇಗನೆ ಮಾಯುವುದನ್ನು ಮನಸ್ಸು ನಂಬಲೊಲ್ಲದು.

ಪೀಟರ್ ಗ್ಲೆನ್‌ವಿಲನ ‘ಬೆಕೆಟ್’ (೧೯೬೪) ಹಿಡಿದ ದಾರಿ ಬೇರೆ. ಇದು ಫ್ರೆಂಚ್ ನಾಟಕಕಾರ ಜ್ಯಾಂ ಅನೂಯಿಯ ಕೃತಿಯನ್ನು ಆಶ್ರಯಿಸಿದುದು. ಇಂಗ್ಲೆಂಡಿನ ದೊರೆ ಎರಡನೆಯ ಹೆನ್ರಿಯು ಚರ್ಚನ್ನು ತನ್ನ ಅಂಕೆಯಲ್ಲಿಟ್ಟುಕೊಳ್ಳಲೆಂದು, ತನ್ನ ವಿನೋದಗಳ ಸಂಗಾತಿಯೂ ಮಂತ್ರಿಯೂ ಆದ ಥಾಮಸ್ ಬೆಕೆಟನನ್ನು ೧೧೬೨ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪನನ್ನಾಗಿ ಮಾಡಿದನು. ಪೀಠವನ್ನೇರಿದ ಗೆಳೆಯನು ಮಂತ್ರಿಮುದ್ರೆಯನ್ನು ಹಿಂದಿರುಗಿಸಿ ದೇವರ ಪಕ್ಷವನ್ನು ಹಿಡಿದನು. ೧೧೭೦ನೆಯ ಡಿಸೆಂಬರ್ ೨೯ರಂದು ದೊರೆಯ ಕಡೆಯ ನಾಲ್ವರು ಸರದಾರರು ಅವನನ್ನು ದೇವಾಲಯದೊಳಗೇ ಕೊಂದರು. ನಾರ್ಮನ್ ವಂಶದ ಬೆಕೆಟನನ್ನು ಚಿತ್ರವು ಸ್ಯಾಕ್ಸನನೆಂದು ತೋರಿಸುವುದು ಚರಿತ್ರೆಗೆ ಒಪ್ಪದು. ಆದರೆ ಹೃದಯದ ಚರಿತ್ರೆಯಲ್ಲಿ ಅದು ತಪ್ಪಿಲ್ಲ.

ಬೆಕೆಟನು ಮತವನ್ನು ಬದಲಿಸಲಿಲ್ಲ, ಅವನ ಮನಸ್ಸು ಬದಲಾಯಿತು. ಗೆಳೆಯನಿಗೆ ಎರಡೂ ಒಂದೇ. ಪೀಟರ್ ಓಟೂಲನು ಅಭಿನಯಿಸಿದ ಹೆನ್ರಿಯದು ಅಕ್ಷರಶಃ ಸವತಿಮಾತ್ಸರ್ಯ: ಅವನ ಪಾಲಿಗೆ ದೇವರೇ ಸವತಿ. ರಿಚರ್ಡ್ ಬರ್ಟನನ ಬೆಕೆಟನಾದರೋ ಗೆಳೆಯನಿಗೆ ಅರ್ಥವಾಗುವ ಕಾರಣವೊಂದನ್ನೂ ಕೊಡಲಾರನು. ಕಡಲತಡಿಯ ಚಳಿಯಲ್ಲಿ ಕುದುರೆಗಳನ್ನೇರಿ ಇಬ್ಬರೂ ಸಂಧಿಸುವಾಗ ಪ್ರೀತಿಯಿದೆ, ರಾಜಿಯಿಲ್ಲ. ಖಳನಾರೂ ಇಲ್ಲದಿರುವುದರಿಂದಲೇ ಆ ದೃಶ್ಯವು ನಮ್ಮನ್ನು ಇರಿಯುತ್ತದೆ.

ಮತಾಂತರವಾದವನ ಶಾಂತಿಯನ್ನು ವರ್ಣಿಸಿದ ಕೃತಿಗಳು ಎಷ್ಟೋ ಇವೆ. ಆ ಶಾಂತಿಯ ಬೆಲೆಯಲ್ಲಿ ಒಂದು ಪಾಲನ್ನು ಹಿಂದೆ ಉಳಿದವನು ತೆರುತ್ತಾನೆ. ಅವನ ದುಃಖವನ್ನು ಅಪಹಾಸ್ಯಮಾಡದೆ, ಭಕ್ತನ ನಿಷ್ಠೆಯನ್ನೂ ಸಂಶಯಿಸದೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಲ್ಲ ಕಲೆ ವಿರಳ. ಪವಾಡವೊಂದೂ ಇಲ್ಲದ ‘ಬೆಕೆಟ್’ ಚಿತ್ರವೇ ಈ ಎರಡರಲ್ಲಿ ಹೆಚ್ಚು ಧಾರ್ಮಿಕವಾದುದೆಂದು ನಾವು ಹೇಳುವುದು ಇದರಿಂದಲೇ.