ಅಜ್ಜನ ರುಮಾಲಿನ ಬಿಳುಪು

ಬೈಲಹೊಂಗಲದಂಥ ಪೇಟೆಯ ಫೋಟೊ ಸ್ಟುಡಿಯೋಗಳಲ್ಲಿ ಈಗ ಡಾರ್ಕ್‌ರೂಮ್ ಇಲ್ಲ. ಮೂಲೆಯ ಮೇಜಿನ ಮೇಲೆ ಇಂಕ್‌ಜೆಟ್ ಪ್ರಿಂಟರ್ ಕೂತಿರುತ್ತದೆ. ಪಾಸ್‌ಪೋರ್ಟ್ ಸೈಜ್ ಫೋಟೊ ತೆಗೆಯುವುದು ಅದಕ್ಕೆ ದೊಡ್ಡ ಮಾತಲ್ಲ ಬಿಡಿ. ಸಂಗೊಳ್ಳಿ ಕಡೆಯ ಹಳ್ಳಿಯಿಂದ ಯಾರಾದರೂ ತೀರಿಕೊಂಡ ಅಜ್ಜನ ಮಾಸಿದ ಫೋಟೊ ಹಿಡಿದು ಬಂದಾಗ ಅದರ ಕಸುಬು ನೋಡಬೇಕು.

ಬೆಳ್ಳನೆಯ ರುಮಾಲು, ಬಿಸಿಲಿಗೆ ಕಂದಿದ ಮುಖ, ಎರಡೂ ಒಂದೇ ಹಾಳೆಯಲ್ಲಿ! ನಾಲ್ಕು ಬಣ್ಣದ ಮಾಮೂಲಿ ಪ್ರಿಂಟರ್ ತಿಳಿ ನೆರಳಿಗೂ ಗಾಢ ಶಾಯಿಯ ಚುಕ್ಕಿಗಳನ್ನೇ ದೂರ ದೂರ ಇಡಬೇಕು; ಕೆನ್ನೆಯ ಮೇಲೆ ರವೆ ಚೆಲ್ಲಿದಂತೆ ಕಾಣುತ್ತದೆ. ಎಪ್ಸನ್ ಎಲ್805ರಂಥ ಆರು ಬಣ್ಣದ ಯಂತ್ರದಲ್ಲಿ ತಿಳಿ ಸಯಾನ್, ತಿಳಿ ಮಜೆಂಟಾ ಹೆಚ್ಚಿಗೆ ಇವೆ. ಅತಿ ಸಣ್ಣ ಹನಿ 1.5 ಪಿಕೊಲೀಟರ್, ಬರಿಗಣ್ಣಿಗೆ ಸಿಗುವುದಲ್ಲ. ಪ್ರಿಂಟ್ ಹೆಡ್ ಅತ್ತಿಂದಿತ್ತ ಓಡಿದಂತೆ ರುಮಾಲಿನ ಒಂದೊಂದೇ ಮಡಿಕೆ ಬೇರೆಯಾಗಿ ಏಳುತ್ತದೆ, ಹುಬ್ಬಿನ ನರೆಗೂದಲು ಎಣಿಸುವಂತಾಗುತ್ತದೆ.

ಯಂತ್ರದಷ್ಟೇ ಕೈಗುಣವೂ ಬೇಕು. ಬಲ್ಲವರು ದೊಡ್ಡ ಪ್ರಿಂಟಿಗೆ ಮೊದಲು ನಾಝಲ್ ಚೆಕ್ ಎಂಬ ಪರೀಕ್ಷೆಯ ಹಾಳೆ ತೆಗೆದು, ಗೆರೆ ಎಲ್ಲಾದರೂ ತುಂಡಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಾರೆ. ಗ್ಲಾಸಿ ಹಾಳೆಯನ್ನು ಅಂಚಿನಲ್ಲಷ್ಟೇ ಹಿಡಿಯುತ್ತಾರೆ. ಎರೆಮಣ್ಣಿನ ಸೀಮೆಯ ಧೂಳು ಒಳಹೋಗದಂತೆ ಸಂಜೆ ಯಂತ್ರಕ್ಕೆ ಬಟ್ಟೆ ಹೊದಿಸುತ್ತಾರೆ. ಈ ಜತನಕ್ಕೆ ಯಾರೂ ಬಿಲ್ ಹಾಕುವುದಿಲ್ಲ.

ಫೋಟೊಕ್ಕೆಂದೇ ಪ್ರಿಂಟರ್ ಕೊಳ್ಳುವವರು ಆರು ಬಣ್ಣದ್ದನ್ನೇ ಕೊಳ್ಳಿ. ಪ್ರಿಂಟನ್ನು ಒಂದು ದಿನ ಒಣಗಲು ಬಿಟ್ಟು ಕಟ್ಟು ಹಾಕಿಸಿ, ಬಿಸಿಲು ಬೀಳದ ಗೋಡೆಗೆ ತೂಗುಹಾಕಿ. ಎಲ್805ರಂಥ ಯಂತ್ರದ ಡೈ ಶಾಯಿ ಬಿಸಿಲಿಗೆ ಬೇಗ ಮಾಸುತ್ತದೆ.