ಕೆಸುವಿನ ಗದ್ದೆಯಿಂದ ಐದೂವರೆ ಮನೆಗೆ

ಭದ್ರಾವತಿಯ ನ್ಯೂ ಟೌನಿನಲ್ಲಿ ಅಕ್ಕ ತಮ್ಮ ಇಬ್ಬರು ಭಾವಗೀತೆ ಹಾಡುತ್ತಾರೆ. ಅಕ್ಕನ ಶ್ರುತಿ ಐದೂವರೆ ಮನೆ, ತಮ್ಮನದು ಎರಡೂವರೆ. ಭಾನುವಾರ ಶಿವಮೊಗ್ಗದಿಂದ ಬಸ್ಸಿನಲ್ಲಿ ಗಿಟಾರ್ ಹೊತ್ತು ಹೋಗಿ ಅವರ ಪಕ್ಕ ಕೂರುವವನು ನಾನು. ‘ಕಾಡು ಕುದುರೆ’ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಶಿವಮೊಗ್ಗ ಸುಬ್ಬಣ್ಣನವರ ಸೀಮೆ ಇದು. ಇಲ್ಲಿ ಹಾಡುವವರ ಮನೆಗೆ ವಾದ್ಯ ಹೋಗಬೇಕೇ ಹೊರತು ವಾದ್ಯದ ಮನೆಗೆ ಹಾಡುವವರು ಬರುವುದಿಲ್ಲ. ಕೀಬೋರ್ಡಿನವರು ಗುಂಡಿ ಒತ್ತಿ ಮನೆ ಬದಲಿಸುತ್ತಾರೆ. ಗಿಟಾರಿನವನಿಗೆ ಆ ಅನುಕೂಲ ಇಲ್ಲ.

ನನಗೆ ದಾರಿ ತೋರಿಸಿದ್ದು ಹವಾಯಿ ದ್ವೀಪಗಳ ‘ಸ್ಲ್ಯಾಕ್ ಕೀ’ ಕ್ರಮ. ಎಡಗೈ ಒತ್ತದೆ ಸುಮ್ಮನೆ ಮೀಟಿದರೂ ಶ್ರುತಿ ತುಂಬಿ ಬರುವಂತೆ ತಂತಿಗಳನ್ನು ಇಳಿಸಿಕೊಂಡು ನುಡಿಸುವ ವಿಧಾನ ಅದು. ಅದರ ಲೆಕ್ಕವನ್ನು ಏಳು ಸಾಲಿನಲ್ಲಿ ಬರೆದು ಗಿಟಾರ್ ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿಕೊಂಡಿದ್ದೇನೆ. ಅದನ್ನು ಓದಿದ ತಮ್ಮ, “ಇದು ನಿಮಗೊಬ್ಬರಿಗೇ ಅರ್ಥ ಆಗೋದು, ಬಿಡಿಸಿ ಬರೀರಿ ಅಣ್ಣ” ಎಂದ. ಬಿಡಿಸಿ ಬರೆದಿದ್ದೇನೆ.

“ಕೆಸುವಿನ ಗದ್ದೆ: ಪ ಸ ಪ ಸ ಗ ಪ.”

ದಪ್ಪ ತಂತಿಯಿಂದ ತೆಳು ತಂತಿಯ ಕಡೆಗೆ ಓದಬೇಕು. ಗಿಟಾರಿನ ವಾಡಿಕೆಯ ಶ್ರುತಿ ಇ ಎ ಡಿ ಜಿ ಬಿ ಇ. ಅದರಲ್ಲಿ ಆರನೇ, ಐದನೇ ಮತ್ತು ಒಂದನೇ ತಂತಿಗಳನ್ನು ಎರಡೆರಡು ಮೆಟ್ಟಿಲಿನಷ್ಟು ಇಳಿಸಿದರೆ ಡಿ ಜಿ ಡಿ ಜಿ ಬಿ ಡಿ ಆಗುತ್ತದೆ. ಜಿ ಎಂದರೆ ನಮ್ಮ ಐದು ಮನೆ. ಅದನ್ನೇ ಷಡ್ಜ ಎಂದು ಹಿಡಿದರೆ ಮೇಲಿನ ಸಾಲು ಸಿಗುತ್ತದೆ. ಹವಾಯಿಯವರು ಈ ಶ್ರುತಿಯನ್ನು ಟ್ಯಾರೊ ಪ್ಯಾಚ್ ಎನ್ನುತ್ತಾರೆ. ಟ್ಯಾರೊ ಎಂದರೆ ನಮ್ಮ ಕೆಸುವೇ. ಮಳೆಗಾಲದಲ್ಲಿ ನಾವು ಎಲೆ ಕೊಯ್ದು ಪತ್ರೊಡೆ ಮಾಡುತ್ತೇವೆ, ಅವರು ನೀರು ನಿಲ್ಲಿಸಿದ ಗದ್ದೆಯಲ್ಲಿ ಗೆಡ್ಡೆ ಬೆಳೆದು ದಿನದ ಊಟ ಮಾಡುತ್ತಿದ್ದರು. ಹಾಗಾಗಿ ‘ಕೆಸುವಿನ ಗದ್ದೆ’ ಎಂಬ ಹೆಸರು ನನ್ನ ಬಾಯಿಗೆ ತಾನಾಗಿ ಬಂತು.

ಈ ಸಾಲಿನಲ್ಲಿ ಇನ್ನೊಂದು ಸಂಗತಿ ಇದೆ. ಶಿವಮೊಗ್ಗದಲ್ಲಿ ವೀಣೆ ಕಲಿಸುವ ಹಿರಿಯರೊಬ್ಬರ ಮುಂದೆ ಆರೂ ತಂತಿಗಳನ್ನು ಒಂದೊಂದಾಗಿ ಮೀಟಿದೆ. ನಾಲ್ಕನೆಯ ಸ್ವರಕ್ಕೇ ಅವರು ಕೈ ಎತ್ತಿ, “ಇದು ನಮ್ಮ ವೀಣೆ ಶ್ರುತೀನೇ ಅಲ್ವೇನಪ್ಪಾ?” ಎಂದರು. ಹೌದು. ವೀಣೆಯಲ್ಲಿ ಅನುಮಂದ್ರ ಪಂಚಮ, ಮಂದ್ರ ಷಡ್ಜ, ಮಂದ್ರ ಪಂಚಮ, ಸಾರಣಿ. ಗಿಟಾರಿನ ಮೊದಲ ನಾಲ್ಕು ತಂತಿಗಳಲ್ಲೂ ಅದೇ ಪ ಸ ಪ ಸ, ಅದೇ ಅಂತರ, ಅದೇ ಕ್ರಮ. ಅದರ ಮೇಲೆ ಒಂದು ಅಂತರ ಗಾಂಧಾರ, ಒಂದು ಪಂಚಮ ಸೇರಿಕೊಂಡಿವೆ, ಅಷ್ಟೇ. ವೀಣೆಯನ್ನು ಎಂದೂ ಕಾಣದ ಹವಾಯಿಯ ದನಗಾಹಿಗಳು ತಮ್ಮ ಕಿವಿಯನ್ನೇ ನಂಬಿ ಈ ಕ್ರಮಕ್ಕೆ ಬಂದರು ಎನ್ನುವುದು ನನಗೆ ಈಗಲೂ ರೋಮಾಂಚನದ ವಿಷಯ.

ಇಲ್ಲಿ ಒಂದು ಗೊಂದಲ ತಿಳಿಯಾಗಬೇಕು. ನಮ್ಮ ದೇಶದಲ್ಲಿ ‘ಹವಾಯಿಯನ್ ಗಿಟಾರ್’ ಎಂದರೆ ತೊಡೆಯ ಮೇಲೆ ಮಲಗಿಸಿ, ಉಕ್ಕಿನ ಸರಳನ್ನು ತಂತಿಯ ಮೇಲೆ ಜಾರಿಸಿ ನುಡಿಸುವುದು. ಬ್ರಿಜ್‌ಭೂಷಣ್ ಕಾಬ್ರಾ 1967ರ ‘ಕಾಲ್ ಆಫ್ ದ ವ್ಯಾಲಿ’ಯಲ್ಲಿ ನುಡಿಸಿದ್ದು ಅದನ್ನು. ವಿಶ್ವಮೋಹನ ಭಟ್ಟರು ಮೋಹನವೀಣೆ ಮಾಡಿಕೊಂಡದ್ದು ಅದರಿಂದ. ಅದಕ್ಕೆ ನಮ್ಮಲ್ಲಿ ಬಂಧು ಎಂದರೆ ಗೋಟುವಾದ್ಯ. ಸ್ಲ್ಯಾಕ್ ಕೀಯಲ್ಲಿ ಸರಳಿಲ್ಲ. ಬೆರಳೇ ಮೆಟ್ಟಿಲ ಮೇಲೆ ಒತ್ತುತ್ತದೆ. ಅದರ ಬಂಧು ಸರಸ್ವತಿ ವೀಣೆ.

“ಸಡಿಲಿಸು, ಬಿಗಿಯಬೇಡ.”

ಸ್ವರ ಎರಡು ಮೆಟ್ಟಿಲು ಇಳಿದರೆ ತಂತಿಯ ಎಳೆತ ಸುಮಾರು ಶೇ 20ರಷ್ಟು ಕಡಿಮೆಯಾಗುತ್ತದೆ. ಅದರಿಂದ ತಂತಿ ಬೆರಳಿಗೆ ಬಗ್ಗುತ್ತದೆ. ವೀಣೆಯಲ್ಲಿ ಎಳೆದಷ್ಟು ಅಲ್ಲದಿದ್ದರೂ ಒಂದು ಸಣ್ಣ ಗಮಕಕ್ಕೆ ಎಡೆ ಸಿಗುತ್ತದೆ. ಬಿಗಿದು ಶ್ರುತಿ ಏರಿಸಲು ಹೋದರೆ ತಂತಿ ಹರಿಯುತ್ತದೆ, ಇಲ್ಲವೇ ಕುದುರೆ ಕಿತ್ತು ಬರುತ್ತದೆ.

ಸ್ಲ್ಯಾಕ್ ಕೀಗೆ ಹವಾಯಿ ಭಾಷೆಯ ಹೆಸರು ಕೀ ಹೋಆಲು, ಅಂದರೆ ಸಡಿಲಿಸಿದ ಶ್ರುತಿ. ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರ್ 1793ರಲ್ಲಿ ಅಲ್ಲಿನ ದೊರೆಗೆ ದನಗಳನ್ನು ಕೊಟ್ಟ. ಅವು ಕಾಡುಬಿದ್ದು ಹೆಚ್ಚಿದವು. ಅವನ್ನು ಹಿಡಿದು ಪಳಗಿಸುವುದನ್ನು ಕಲಿಸಲು 1830ರ ದಶಕದಲ್ಲಿ ಮೆಕ್ಸಿಕೊ ಸೀಮೆಯ ದನಗಾಹಿಗಳನ್ನು ಕರೆಸಲಾಯಿತು. ಅವರ ಜೊತೆ ಗಿಟಾರ್ ಬಂತು. ಸ್ಥಳೀಯರು ಅದನ್ನು ತಮ್ಮ ಹಾಡಿಗೆ ತಕ್ಕಂತೆ ಇಳಿಸಿಕೊಂಡರು. ಪ್ರತಿ ಮನೆತನಕ್ಕೂ ತನ್ನದೇ ಶ್ರುತಿ, ಹೊರಗಿನವರಿಗೆ ಹೇಳುತ್ತಿರಲಿಲ್ಲ. ಗಿಟಾರ್ ಕೆಳಗಿಡುವ ಮುಂಚೆ ಬಿರಡೆ ತಿರುಗಿಸಿ ಗುರುತು ಅಳಿಸುವವರೂ ಇದ್ದರು. 1940ರ ದಶಕದಲ್ಲಿ ಗ್ಯಾಬಿ ಪಹಿನುಯಿ ಧ್ವನಿಮುದ್ರಿಕೆಗಳನ್ನು ಕೊಟ್ಟರು, 1973ರಲ್ಲಿ ಕಿಯೋಲಾ ಬೀಮರ್ ಕಲಿಕೆಯ ಪುಸ್ತಕ ಬರೆದರು. ಗುಟ್ಟು ಬಿಟ್ಟುಕೊಟ್ಟವರಿಂದಲೇ ಈ ವಿದ್ಯೆ ಉಳಿಯಿತು. ಅವರು ಹಾಗೆ ಮಾಡದಿದ್ದರೆ ನನ್ನ ಕೈಗೆ ಇದು ಸಿಗುತ್ತಲೇ ಇರಲಿಲ್ಲ.

“ಹೆಬ್ಬೆರಳು ಶ್ರುತಿಯದು, ಉಳಿದ ಬೆರಳು ಹಾಡಿನವು.”

ಹೆಬ್ಬೆರಳು ದಪ್ಪ ತಂತಿಗಳಲ್ಲಿ ಸ, ಪ ಎಂದು ನಡೆಯುತ್ತಲೇ ಇರಬೇಕು. ಹಾಡಿನ ಮಟ್ಟು ಮೇಲಿನ ಮೂರು ತಂತಿಗಳಲ್ಲಿ. ವೀಣೆಯಲ್ಲಿ ತಾಳದ ತಂತಿಗಳನ್ನು ಕಿರುಬೆರಳಿಗೆ ಕೊಟ್ಟಿದ್ದೇವೆ, ಇಲ್ಲಿ ಆ ಕೆಲಸ ಹೆಬ್ಬೆರಳಿಗೆ.

“ಮನೆ ಏರಿದರೆ ಕ್ಯಾಪೊ, ಐದನೇ ಮೆಟ್ಟಿಲು ದಾಟಬೇಡ.”

ಕ್ಯಾಪೊ ಎಂದರೆ ಆರೂ ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿಯುವ ಚಿಮಟ. ಒಂದನೇ ಮೆಟ್ಟಿಲಿಗೆ ಹಾಕಿದರೆ ಐದು ಮನೆ ಐದೂವರೆ ಆಗುತ್ತದೆ. ಅಕ್ಕನಿಗೆ ಬೇಕಾದ್ದು ಅಷ್ಟೇ. ನಮ್ಮ ಕಡೆ ಹಾಡುವ ಹೆಂಗಸರಲ್ಲಿ ಬಹಳಷ್ಟು ಜನ ಐದು, ಐದೂವರೆಯ ಆಸುಪಾಸಿನವರೇ ಆದ್ದರಿಂದ ಕೆಸುವಿನ ಗದ್ದೆ ಅವರಿಗೆ ಹೇಳಿ ಮಾಡಿಸಿದಂತಿದೆ. ಎರಡನೇ ಮೆಟ್ಟಿಲಿಗೆ ಆರು, ಮೂರಕ್ಕೆ ಆರೂವರೆ, ನಾಲ್ಕಕ್ಕೆ ಏಳು, ಐದಕ್ಕೆ ಮತ್ತೆ ಒಂದು ಮನೆ. ಕುದುರೆಯವರೆಗೆ ಸುಮಾರು 65 ಸೆಂಟಿಮೀಟರ್ ಇರುವ ತಂತಿ ಐದನೇ ಮೆಟ್ಟಿಲಿನಲ್ಲಿ 49 ಸೆಂಟಿಮೀಟರಿಗೆ, ಏಳರಲ್ಲಿ 43ಕ್ಕೆ ಇಳಿಯುತ್ತದೆ. ಅಲ್ಲಿಗೆ ಗಿಟಾರಿನ ಗಂಭೀರ ದನಿ ಹೋಗಿ ಮ್ಯಾಂಡೊಲಿನ್ನಿನ ಕೀರಲು ಬರುತ್ತದೆ. ಶ್ರುತಿ ಸರಿಯಿದ್ದರೂ ಗಂಡಸಿನ ದನಿಯ ಕೆಳಗೆ ಆಧಾರವೇ ಇಲ್ಲದಂತಾಗುತ್ತದೆ.

“ಒಂದು ಮನೆಗೆ ಇಳಿಯಬೇಕಾದರೆ ದಪ್ಪ ತಂತಿಯನ್ನು ಇನ್ನೆರಡು ಇಳಿಸು.”

ಮೇಲಿನ ತೊಂದರೆಗೆ ಇದೇ ಪರಿಹಾರ. ಆರನೇ ತಂತಿ ಡಿಯಿಂದ ಸಿಗೆ ಇಳಿಯುತ್ತದೆ, ಉಳಿದ ಐದನ್ನು ಮುಟ್ಟುವುದಿಲ್ಲ. ಈಗ ಷಡ್ಜ ಸಿಯಲ್ಲಿದೆ, ಅಂದರೆ ಒಂದು ಮನೆ. ತಂತಿಗಳು ಸ ಪ ರಿ ಪ ನಿ ರಿ ಆಗುತ್ತವೆ. ಇದನ್ನು ವಾಹಿನೆ ಶ್ರುತಿ ಎನ್ನುತ್ತಾರೆ, ಲೆನಾರ್ಡ್ ಕ್ವಾನ್ ಎಂಬ ಹಿರಿಯರು ಇದರಲ್ಲಿ ತುಂಬ ನುಡಿಸಿದ್ದಾರೆ. ವಾಹಿನೆ ಎಂದರೆ ಹೆಣ್ಣು. ಕಾಕಲಿ ನಿಷಾದ ಸುಮ್ಮನೆ ಮೀಟಿದಾಗಲೇ ಕೇಳುವುದು ಈ ಬಗೆಯ ಶ್ರುತಿಗಳ ಲಕ್ಷಣ. ಮೇಲಿನ ತಂತಿಗಳಲ್ಲಿ ಷಡ್ಜವೂ ಇಲ್ಲ, ಗಾಂಧಾರವೂ ಇಲ್ಲ. ನಿಷಾದವನ್ನು ಮೀಟಿ ಒಂದನೇ ಮೆಟ್ಟಿಲಿಗೆ ಬೆರಳು ಬಡಿದರೆ ಷಡ್ಜ, ರಿಷಭವನ್ನು ಮೀಟಿ ಎರಡನೇ ಮೆಟ್ಟಿಲಿಗೆ ಬಡಿದರೆ ಗಾಂಧಾರ. ಹೀಗೆ ಪ್ರತಿ ಸಲವೂ ಸ್ವರವನ್ನು ಹುಡುಕಿಕೊಂಡು ಹೋಗಿ ಸೇರುವ ಒಂದು ಹಂಬಲ ನುಡಿಸಾಣಿಕೆಗೆ ಬರುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಶ್ರುತಿ ಇದು. ಕ್ಯಾಪೊ ಒಂದಕ್ಕೆ ಹಾಕಿದರೆ ಒಂದೂವರೆ, ಎರಡಕ್ಕೆ ಎರಡು ಮನೆ. ಸಿಗೆ ಇಳಿದ ತಂತಿ ಜೋಲಾಗಿ ಮೆಟ್ಟಿಲಿಗೆ ತಾಗಿ ಗರಗರ ಎನ್ನುತ್ತದೆ, 0.056 ಇಂಚಿನ ದಪ್ಪ ತಂತಿ ಹಾಕಿಸಿದರೆ ಸರಿಹೋಗುತ್ತದೆ.

“ತಂತಿ ಮುಟ್ಟದೆಯೂ ಸ ಬದಲಾಗುತ್ತದೆ.”

ಇದೊಂದು ಸಾಲಿಗಾಗಿ ಉಳಿದ ಸಾಲುಗಳು. ಕೆಸುವಿನ ಗದ್ದೆಯ ಶ್ರುತಿಯಲ್ಲೇ ಜಿ ಬಿಟ್ಟು ಡಿಯನ್ನು ಷಡ್ಜ ಎಂದು ಕಿವಿಗೆ ಒಪ್ಪಿಸಿದರೆ ಅದೇ ಆರು ತಂತಿಗಳು ಸ ಮ ಸ ಮ ಧ ಸ ಆಗುತ್ತವೆ. ನಮ್ಮವರು ಗ್ರಹಭೇದ ಎನ್ನುವುದು ಇದನ್ನೇ. ಪಂಚಮವಿಲ್ಲದ ರಾಗಗಳಿಗೆ ತಂಬೂರಿಯ ಪಂಚಮದ ತಂತಿಯನ್ನು ಮಧ್ಯಮಕ್ಕೆ ಇಳಿಸುವ ಪದ್ಧತಿ ಇದೆಯಲ್ಲ, ಇಲ್ಲಿ ಯಾವ ಬಿರಡೆಯನ್ನೂ ತಿರುಗಿಸದೆ ಅದು ಸಿಕ್ಕಿಬಿಡುತ್ತದೆ. ಧೈವತ ಚತುಶ್ರುತಿ, ಆದ್ದರಿಂದ ಆಭೋಗಿಗೆ ಬೇರೆ ಶ್ರುತಿಯೇ ಬೇಡ.

ಡಿ ಎಂದರೆ ಎರಡು ಮನೆ. ಕ್ಯಾಪೊ ಒಂದನೇ ಮೆಟ್ಟಿಲಿನಲ್ಲಿದ್ದರೆ ಜಿ ಇದ್ದಲ್ಲಿ ಐದೂವರೆ, ಡಿ ಇದ್ದಲ್ಲಿ ಎರಡೂವರೆ. ಅಕ್ಕ ಮೋಹನದಲ್ಲಿ ಹಾಡಿ ಮುಗಿಸಿದ ಮೇಲೆ ಹೆಬ್ಬೆರಳು ಐದನೇ ತಂತಿ ಬಿಟ್ಟು ಆರನೆಯದಕ್ಕೆ ಹೋಗುತ್ತದೆ, ತಮ್ಮ ಆಭೋಗಿ ಎತ್ತಿಕೊಳ್ಳುತ್ತಾನೆ. ನಡುವೆ ಕೇಳುವವರನ್ನು ಕಾಯಿಸಿ ಟ್ವಾಂಯ್ ಟ್ವಾಂಯ್ ಎಂದು ಶ್ರುತಿ ಕೂಡಿಸುವ ಕೆಲಸವಿಲ್ಲ. ಪಂಚಮ ಇರುವ ಹಾಡಾದರೆ ಐದನೇ ತಂತಿಯ ಎರಡನೇ ಮೆಟ್ಟಿಲು ಒತ್ತಬೇಕು. ಮೊದಲ ಸಲ ಇದು ಕೂಡಿಬಂದ ದಿನ ಮೂವರೂ ಮಾತಾಡದೆ ಒಂದು ಗಳಿಗೆ ಕೂತಿದ್ದೆವು.

“ಗಾಂಧಾರ ಹಾಡಿನದಾಗಿರಲಿ.”

ಎರಡನೇ ತಂತಿಯ ಗಾಂಧಾರ ಶಂಕರಾಭರಣ, ಮೋಹನ, ಹಂಸಧ್ವನಿಗಳಿಗೆ ಹೊಂದುತ್ತದೆ. ಆಭೇರಿಯಂಥ ಸಾಧಾರಣ ಗಾಂಧಾರದ ರಾಗದಲ್ಲಿ ಅದೇ ತಂತಿ ಶತ್ರು. ಭಾವಗೀತೆಗಳಲ್ಲಿ ಅಂಥ ಮಟ್ಟುಗಳು ಹೇರಳ. ಹವಾಯಿಯ ಪುಸ್ತಕ ನೋಡಿ ಕಲಿತವರು ಎಡವುವುದು ಇಲ್ಲೇ. ಆ ತಂತಿಯನ್ನು ಒಂದು ಮೆಟ್ಟಿಲು ಇಳಿಸಿದರೆ ಐದು ಮನೆಯಲ್ಲಿ ಸಾಧಾರಣ ಗಾಂಧಾರ ಸಿಗುತ್ತದೆ. ಎರಡು ಮನೆಯ ಷಡ್ಜದಿಂದ ನೋಡಿದರೆ ಅದೇ ಸ್ವರ ಶುದ್ಧ ಧೈವತ, ಎಂದರೆ ಹಿಂದೋಳದ ಧೈವತ. ಒಂದು ಬಿರಡೆ ತಿರುಗಿಸಿದ್ದಕ್ಕೆ ಇಬ್ಬರಿಗೂ ಒಂದೊಂದು ರಾಗ.

ವೀಣೆ ಕಲಿತು ಬಿಟ್ಟವರು ಶಿವಮೊಗ್ಗ ಭದ್ರಾವತಿಗಳಲ್ಲಿ ಎಷ್ಟೋ ಮಂದಿ ಇದ್ದಾರೆ, ಮಕ್ಕಳು ಕೊಂಡು ಮೂಲೆಗಿಟ್ಟ ಗಿಟಾರ್ ಅವರಲ್ಲಿ ಹಲವರ ಮನೆಯಲ್ಲಿದೆ. ಅವರಲ್ಲಿ ನನ್ನದೊಂದು ಕೋರಿಕೆ. ಆ ಗಿಟಾರಿನ ಮೂರು ಬಿರಡೆ ಇಳಿಸಿ, ಮೂರನೇ ತಂತಿಯನ್ನು ಹಿಡಿಯಿರಿ. ಅದೇ ನಿಮ್ಮ ಸಾರಣಿ. ಸುಮ್ಮನೆ ಮೀಟಿದರೆ ಷಡ್ಜ. ಆಮೇಲೆ ಒಂದು, ನಾಲ್ಕು, ಐದು, ಏಳು, ಎಂಟು, ಹನ್ನೊಂದು, ಹನ್ನೆರಡನೇ ಮೆಟ್ಟಿಲುಗಳಲ್ಲಿ ಮಾಯಾಮಾಳವಗೌಳದ ಸರಳೆ ವರಸೆ ಇದೆ.